ಎಚ್ಚರ, ಅವಧಾನ, ನಿದ್ರೆ: ಒಂದು ವಿಚಾರದ ಚರಿತ್ರೆ

ಮನುಷ್ಯನ ಆಯುಷ್ಯದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ನಿದ್ರೆಯಲ್ಲಿ ಕಳೆಯುವುದೆಂಬುದು ಸರ್ವರಿಗೂ ವಿದಿತವಾದ ಸಂಗತಿಯೇ ಆಗಿದೆ. ಅರುವತ್ತು ವರ್ಷ ಬಾಳಿದವನು ಸುಮಾರು ಇಪ್ಪತ್ತು ವರ್ಷಗಳನ್ನು ಕಣ್ಣು ಮುಚ್ಚಿಯೇ ಕಳೆದಿರುವನು. ಈ ಇಪ್ಪತ್ತು ವರ್ಷಗಳನ್ನು ಬಾಳಿನ ಲೆಕ್ಕಕ್ಕೆ ಸೇರಿಸಬೇಕೋ, ಸಾವಿನ ಲೆಕ್ಕಕ್ಕೆ ಸೇರಿಸಬೇಕೋ? ಲೌಕಿಕನಿಗೆ ಇದು ಬಿಡುವಿನ ವೇಳೆಯ ಕುತೂಹಲವಾಗಿರಬಹುದು, ಸಾಧಕನಿಗೆ ಹಾಗಲ್ಲ. ಅರಿವನ್ನೇ ಗುರುವೆಂದು ನಂಬಿ ನಡೆಯುವವನಿಗೆ, ಆ ಅರಿವು ಪ್ರತಿ ರಾತ್ರಿಯೂ ದೀಪದಂತೆ ಆರಿಹೋಗುವುದಾದರೆ ತಾನು ಹಿಡಿದಿರುವ ಆಶ್ರಯವಾದರೂ ಏನು ಎಂಬ ಶಂಕೆ ಹುಟ್ಟದೆ ಇರದು. ನಿದ್ರೆಯು ಸಾಧನೆಗೆ ಶತ್ರುವೋ ಮಿತ್ರನೋ ಎಂಬ ಎರಡನೆಯ ಶಂಕೆಯೂ ಅದರ ಬೆನ್ನಲ್ಲಿಯೇ ಬರುವುದು. ಈ ಎರಡು ಪ್ರಶ್ನೆಗಳನ್ನು ಹಿಂದಿನವರೂ ಇಂದಿನವರೂ ಹೇಗೆ ವಿಚಾರಿಸಿದರೆಂಬುದರ ಚರಿತ್ರೆಯು ಮನನಯೋಗ್ಯವಾದುದು.

ಈ ಚರಿತ್ರೆಯ ಮೊದಲ ದೃಶ್ಯವು ಬೃಹದಾರಣ್ಯಕೋಪನಿಷತ್ತಿನಲ್ಲಿದೆ. ಗಾರ್ಗ್ಯ ಗೋತ್ರದ ಬಾಲಾಕಿಯೆಂಬ ಪಂಡಿತನು ಕಾಶಿಯ ಅರಸನಾದ ಅಜಾತಶತ್ರುವಿಗೆ ಬ್ರಹ್ಮೋಪದೇಶ ಮಾಡುವೆನೆಂದು ಗರ್ವದಿಂದ ಬಂದನು. ಆತನು ಹೇಳಿದುದನ್ನೆಲ್ಲ ಅರಸನು ಒಂದೊಂದಾಗಿ ಅಲ್ಲಗಳೆದನು. ಪಂಡಿತನು ಮೌನಿಯಾಗಿ, ತಾನೇ ಶಿಷ್ಯನಾಗುವೆನೆಂದಾಗ ಅರಸನು ಆತನ ಕೈ ಹಿಡಿದು, ಮಲಗಿ ನಿದ್ರಿಸುತ್ತಿದ್ದ ಒಬ್ಬ ಮನುಷ್ಯನ ಬಳಿಗೆ ಕರೆದೊಯ್ದನು. ಸೋಮನಿಗೆ ಸಲ್ಲುವ ದೊಡ್ಡ ದೊಡ್ಡ ಹೆಸರುಗಳಿಂದ ಆ ಮನುಷ್ಯನನ್ನು ಕೂಗಿದನು, ಅವನು ಏಳಲಿಲ್ಲ. ಕೈಯಿಂದ ಒತ್ತಿ ಅಲುಗಿಸಿದನು, ಎದ್ದು ಕುಳಿತನು. ಆಗ ಅರಸನು, ಇವನು ಮಲಗಿದ್ದಾಗ ಇವನೊಳಗಿನ ಅರಿವಿನ ಪುರುಷನು ಎಲ್ಲಿದ್ದನು, ಈಗ ಎಲ್ಲಿಂದ ಬಂದನು ಎಂದು ಕೇಳಿದನು. ಬಾಲಾಕಿಗೆ ಉತ್ತರ ತೋಚಲಿಲ್ಲ. ಗ್ರಂಥವನ್ನು ಮುಂದಿಟ್ಟುಕೊಂಡು ವಾದಿಸದೆ, ಮಲಗಿದವನ ಮುಂದೆ ನಿಂತು ಪರೀಕ್ಷಿಸಿ ಕೇಳಿದ ಪ್ರಶ್ನೆಯಿದು. ಆಮೇಲೆ ನಡೆದ ವಿಚಾರವೆಲ್ಲ ಇದೇ ಪ್ರಶ್ನೆಯ ವಿಸ್ತಾರವೆಂದರೆ ತಪ್ಪಾಗದು.

ಛಾಂದೋಗ್ಯದಲ್ಲಿ ಇದೇ ಸಂಶಯವು ಇಂದ್ರನ ಬಾಯಿಂದ ಬರುತ್ತದೆ. ಪ್ರಜಾಪತಿಯ ಬಳಿ ಬ್ರಹ್ಮಚರ್ಯದಿಂದಿದ್ದ ಇಂದ್ರನಿಗೆ, ಕನಸಿಲ್ಲದ ಗಾಢನಿದ್ರೆಯಲ್ಲಿರುವವನೇ ಆತ್ಮನೆಂಬ ಉಪದೇಶವಾಯಿತು. ತೃಪ್ತನಾಗಿ ಹೊರಟವನು ದಾರಿಯಲ್ಲಿಯೇ ಅಂಜಿ ಹಿಂದಿರುಗಿದನು. ಆ ಸ್ಥಿತಿಯಲ್ಲಿ ತಾನು ಇಂಥವನೆಂಬ ಅರಿವೂ ಇರದು, ಇತರರ ಅರಿವೂ ಇರದು; ಇದು ನಾಶವೇ ಹೊರತು ಲಾಭವಲ್ಲ ಎಂಬುದು ಅವನ ಆಕ್ಷೇಪ. ಪ್ರಜಾಪತಿಯು ಈ ಆಕ್ಷೇಪವನ್ನು ತಳ್ಳಿಹಾಕಲಿಲ್ಲ. ಸರಿಯೆಂದೇ ಒಪ್ಪಿ, ಇನ್ನೂ ಐದು ವರ್ಷ ಇರಿಸಿಕೊಂಡು, ಒಟ್ಟು ನೂರೊಂದು ವರ್ಷಗಳು ತುಂಬಿದ ಮೇಲೆ ಕೊನೆಯ ಉಪದೇಶವನ್ನು ಕೊಟ್ಟನು. ನಿದ್ರೆಯಲ್ಲಿ ಅರಿವು ಅಳಿಯುವುದೆಂಬ ಭಯವು ಅಜ್ಞರಿಗೆ ಮಾತ್ರ ಬರುವಂಥದಲ್ಲವೆಂಬುದಕ್ಕೆ ಈ ಕಥೆಯೇ ಸಾಕ್ಷಿಯಾಗಿದೆ.

ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಈ ವಿಚಾರವನ್ನು ಕ್ರಮಪಡಿಸಿತು. ಜಾಗ್ರತ್ತಿನಲ್ಲಿ ವೈಶ್ವಾನರ, ಸ್ವಪ್ನದಲ್ಲಿ ತೈಜಸ, ಸುಷುಪ್ತಿಯಲ್ಲಿ ಪ್ರಾಜ್ಞ, ಇವು ಮೂರನ್ನೂ ಮೀರಿದುದು ತುರೀಯ ಎಂಬ ವಿಭಾಗವು ಅಲ್ಲಿಂದ ಪ್ರಸಿದ್ಧವಾಯಿತು. ಬಳಿಕ ದರ್ಶನಕಾರರಲ್ಲಿ ದೊಡ್ಡದೊಂದು ವಾದವೆದ್ದಿತು. ಮನಸ್ಸು ಪುರೀತತ್ ಎಂಬ ನಾಡಿಯನ್ನು ಹೊಕ್ಕಾಗ ಜ್ಞಾನವೇ ಹುಟ್ಟದು, ಆದುದರಿಂದ ಸುಷುಪ್ತಿಯಲ್ಲಿ ಅರಿವಿಲ್ಲ ಎಂದು ನೈಯಾಯಿಕರು ಹೇಳಿದರು. ಎದ್ದವನು ತಾನು ಸುಖವಾಗಿ ನಿದ್ರಿಸಿದೆನೆಂದೂ ಏನನ್ನೂ ಅರಿಯಲಿಲ್ಲವೆಂದೂ ನೆನೆಯುತ್ತಾನೆ; ಅನುಭವವಿಲ್ಲದೆ ನೆನಪಿಲ್ಲ; ಆದುದರಿಂದ ಸುಷುಪ್ತಿಯಲ್ಲಿಯೂ ಸಾಕ್ಷಿಯಾದ ಅರಿವು ಉಂಟೆಂದು ವೇದಾಂತಿಗಳು ಉತ್ತರವಿತ್ತರು. ಅದು ನೆನಪಲ್ಲ, ಎದ್ದ ಮೇಲೆ ಮೈಯ ಹಗುರತನವನ್ನು ಕಂಡು ಮಾಡಿದ ಊಹೆ ಎಂದು ನೈಯಾಯಿಕರು ಮರಳಿ ನುಡಿದರು. ಪತಂಜಲಿ ಮಹರ್ಷಿಗಳಾದರೋ ಯೋಗಸೂತ್ರದಲ್ಲಿ ನಿದ್ರೆಯನ್ನು ಚಿತ್ತದ ಐದು ವೃತ್ತಿಗಳಲ್ಲಿ ಒಂದೆಂದು ಎಣಿಸಿದರು. ನಿದ್ರೆಯೆಂದರೆ ಚಿತ್ತವು ಇಲ್ಲದಿರುವುದಲ್ಲ, ಚಿತ್ತದ ಒಂದು ವ್ಯಾಪಾರ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಬೆಲೆ ತಿಳಿದುಬರುವುದು.

ಎಚ್ಚರದಲ್ಲಿರುವವನಿಗೂ ಎಲ್ಲವೂ ತಿಳಿಯುವುದಿಲ್ಲ. ಮನಸ್ಸು ಬೇರೆಡೆಯಿದ್ದಾಗ ಕಣ್ಣೆದುರಿನದು ಕಾಣದು, ಕಿವಿಗೆ ಬಿದ್ದುದು ಕೇಳದು ಎಂಬುದನ್ನು ಬೃಹದಾರಣ್ಯಕವೇ ಗುರುತಿಸಿದೆ. ನ್ಯಾಯಶಾಸ್ತ್ರವು ಇದನ್ನೇ ಆಧಾರವಾಗಿಟ್ಟು, ಏಕಕಾಲದಲ್ಲಿ ಅನೇಕ ಜ್ಞಾನಗಳು ಹುಟ್ಟದಿರುವುದೇ ಮನಸ್ಸಿನ ಗುರುತು ಎಂದಿತು. ಎಲ್ಲವೂ ಒಮ್ಮೆಲೇ ತೋರಿದಂತಾಗುವುದು ವೇಗದಿಂದ ಹುಟ್ಟಿದ ಭ್ರಮೆ. ನೂರು ತಾವರೆಯ ಎಸಳುಗಳನ್ನು ಒಟ್ಟಿಗೆ ಇಟ್ಟು ಸೂಜಿಯಿಂದ ಚುಚ್ಚಿದರೆ ಒಮ್ಮೆಗೇ ಚುಚ್ಚಿದಂತೆ ತೋರಿದರೂ ಒಂದಾದ ಮೇಲೊಂದನ್ನೇ ಸೂಜಿ ತೂರುವಂತೆ, ಎಂಬುದು ಶಾಸ್ತ್ರಜ್ಞರಲ್ಲಿ ರೂಢಿಯಾಗಿರುವ ದೃಷ್ಟಾಂತ. ಈ ಒಂದೆಡೆ ನಿಲ್ಲುವ ಶಕ್ತಿಗೆ ಅವಧಾನವೆಂದು ಹೆಸರು. ಕನ್ನಡ ನುಡಿಯ ಸೊಗಸನ್ನು ಇಲ್ಲಿ ನೋಡತಕ್ಕದ್ದು: ನಿದ್ರೆಯಿಂದ ಎದ್ದಿರುವುದಕ್ಕೂ ಎಚ್ಚರವೆಂಬ ಮಾತೇ, ತಪ್ಪದಂತೆ ಜಾಗರೂಕನಾಗಿರುವುದಕ್ಕೂ ಎಚ್ಚರವೆಂಬ ಮಾತೇ. ಕಣ್ಣು ತೆರೆದಿದ್ದರೂ ಎಚ್ಚರವಿಲ್ಲದವನು ಉಂಟೆಂಬುದನ್ನು ನಮ್ಮ ಜನರ ನಾಲಿಗೆಯೇ ಅರಿತಿದೆ.

ಶೈವ ಪರಂಪರೆಯು ಅವಸ್ಥಾವಿಚಾರವನ್ನು ಸಾಧನೆಗೆ ಇಳಿಸಿತು. ಕಾಶ್ಮೀರದಲ್ಲಿ ಒಂಬತ್ತನೆಯ ಶತಮಾನದ ವಸುಗುಪ್ತರಿಂದ ಪ್ರಕಟವಾದ ಶಿವಸೂತ್ರಗಳು, ತುರ್ಯವು ಉಳಿದ ಮೂರು ಅವಸ್ಥೆಗಳಲ್ಲಿಯೂ ಎಣ್ಣೆಯು ಹರಡುವಂತೆ ವ್ಯಾಪಿಸಬೇಕೆಂದು ಬೋಧಿಸಿದವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಅರಿವು ಮರವೆಗಳೆಂಬ ಎರಡು ಕನ್ನಡ ಮಾತುಗಳಿಂದಲೇ ಈ ಶಾಸ್ತ್ರವನ್ನೆಲ್ಲ ಜನರ ಮನೆಬಾಗಿಲಿಗೆ ತಂದರು. ಮರವೆಯೆಂಬುದು ಅವರಿಗೆ ರಾತ್ರಿಯ ನಿದ್ರೆಯಲ್ಲ. ಹಗಲಿನಲ್ಲಿಯೂ ಜೀವನನ್ನು ಮುಸುಕುವ ಮಂಪರು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ನೆಟ್ಟ ದೃಷ್ಟಿಯಿಂದ ನೋಡುವ ಪೂಜೆಯು, ಹೊರನೋಟಕ್ಕೆ ಎಷ್ಟು ಸರಳವಾದರೂ, ಅವಧಾನದ ಅಭ್ಯಾಸವೇ ಆಗಿದೆ. ನಿಜಗುಣ ಶಿವಯೋಗಿಗಳು ವಿವೇಕಚಿಂತಾಮಣಿಯಲ್ಲಿ ನಾನಾ ಶಾಸ್ತ್ರಗಳ ವಿಷಯಗಳನ್ನು ಕನ್ನಡದಲ್ಲಿ ಸಂಗ್ರಹಿಸಿಟ್ಟುದರಿಂದ, ಸಂಸ್ಕೃತವನ್ನರಿಯದ ಭಕ್ತರಿಗೂ ಇಂತಹ ವಿಚಾರಗಳು ಸುಲಭವಾದವು.

ಇನ್ನು ಪಾಶ್ಚಾತ್ಯರ ಕಡೆಗೆ ಬರೋಣ. ಉಂಡ ಆಹಾರದ ಆವಿಯು ಮೇಲಕ್ಕೇರಿ ಮರಳಿ ಇಳಿಯುವುದರಿಂದ ನಿದ್ರೆ ಬರುವುದೆಂದು ಗ್ರೀಸ್ ದೇಶದ ಅರಿಸ್ಟಾಟಲನು ಊಹಿಸಿದ್ದನು. ಬಹುಕಾಲದವರೆಗೆ ಅಲ್ಲಿ ನಿದ್ರೆಯೆಂದರೆ ಎಚ್ಚರವಿಲ್ಲದಿರುವುದು ಎಂಬಷ್ಟೇ ಭಾವನೆಯಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮನಸ್ಸನ್ನು ಅಳೆದು ನೋಡುವ ಯತ್ನವು ಮೊದಲಾಯಿತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿಯು ಕತ್ತಲೆಯ ಪೆಟ್ಟಿಗೆಯೊಳಗೆ ಅಕ್ಷರಗಳನ್ನಿರಿಸಿ, ಒಂದು ಸಣ್ಣ ಬೆಳಕಿನ ಚುಕ್ಕೆಯ ಮೇಲೆ ದೃಷ್ಟಿಯನ್ನು ನೆಟ್ಟು, ಕ್ಷಣಮಾತ್ರದ ವಿದ್ಯುತ್ಕಿಡಿಯಿಂದ ಪೆಟ್ಟಿಗೆಯನ್ನು ಬೆಳಗಿಸಿದನು. ಕಣ್ಣು ಚುಕ್ಕೆಯಲ್ಲಿಯೇ ಇದ್ದರೂ, ಮನಸ್ಸನ್ನು ಮೊದಲೇ ಯಾವ ಮೂಲೆಗೆ ತಿರುಗಿಸಿದ್ದನೋ ಆ ಮೂಲೆಯ ಅಕ್ಷರಗಳೇ ಅವನಿಗೆ ಕಂಡವು. ನೋಟ ಬೇರೆ, ಅವಧಾನ ಬೇರೆಯೆಂಬುದು ಇದರಿಂದ ಸಿದ್ಧವಾಯಿತು. ಕಣ್ಣು ಲಿಂಗದ ಮೇಲಿದ್ದು ಮನಸ್ಸು ಸಂತೆಯಲ್ಲಿರುವ ಪೂಜಕನ ಸ್ಥಿತಿಯು ಇದೇ ಅಲ್ಲವೆ?

೧೮೭೯ರಲ್ಲಿ ವುಂಟ್ ಎಂಬ ವಿದ್ವಾಂಸರು ಲೈಪ್‌ಜಿಗ್ ನಗರದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ೧೮೯೦ರಲ್ಲಿ ಅಮೆರಿಕೆಯ ವಿಲಿಯಂ ಜೇಮ್ಸರು ತಮ್ಮ ಬೃಹದ್ಗ್ರಂಥದಲ್ಲಿ, ಕೆಲವನ್ನು ಬಿಟ್ಟಲ್ಲದೆ ಒಂದನ್ನು ಚೆನ್ನಾಗಿ ಹಿಡಿಯಲಾಗದೆಂಬುದೇ ಅವಧಾನದ ಸ್ವಭಾವವೆಂದು ನಿರೂಪಿಸಿದರು. ನಮ್ಮ ನಾಡಿನಲ್ಲಿಯೂ ಈ ವಿದ್ಯೆಯು ತಡವಿಲ್ಲದೆ ಬೇರೂರಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ೧೯೩೫ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ನಡೆಯಿಸಿದವರೂ ಇವರೇ.

ಅವಧಾನವು ಎಷ್ಟು ಹೊತ್ತು ನಿಲ್ಲಬಲ್ಲುದೆಂಬ ಪ್ರಶ್ನೆಯು ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಯಿತು. ರಡಾರ್ ಯಂತ್ರದ ಮುಂದೆ ಕುಳಿತ ಕಾವಲುಗಾರರು ಕಣ್ಣು ತೆರೆದಿದ್ದರೂ ಶತ್ರುವಿನ ಗುರುತನ್ನು ತಪ್ಪಿಸುತ್ತಿದ್ದರು. ಇಂಗ್ಲೆಂಡಿನ ಮ್ಯಾಕ್‌ವರ್ತ್ ಎಂಬವರು ಗಡಿಯಾರದಂತಹ ಒಂದು ಯಂತ್ರವನ್ನು ಮಾಡಿ, ಅದರ ಮುಳ್ಳು ಎಂದೋ ಒಮ್ಮೆ ಎರಡು ಹೆಜ್ಜೆ ಹಾರಿದಾಗ ಗುರುತಿಸುವಂತೆ ಜನರನ್ನು ಎರಡು ಗಂಟೆಗಳ ಕಾಲ ಕೂರಿಸಿದರು. ಮೊದಲ ಅರ್ಧ ಗಂಟೆ ಕಳೆಯುತ್ತಲೇ ತಪ್ಪುಗಳು ಹೆಚ್ಚಿದವೆಂದು ೧೯೪೮ರಲ್ಲಿ ಪ್ರಕಟಿಸಿದರು. ಆ ಜನರು ನಿದ್ರಿಸಿರಲಿಲ್ಲ, ಉದಾಸೀನರೂ ಆಗಿರಲಿಲ್ಲ. ಜಪಕ್ಕೆ ಕುಳಿತು ಅರ್ಧ ಗಂಟೆಗೆಲ್ಲ ಮನಸ್ಸು ಜಾರಿತೆಂದು ತನ್ನನ್ನು ಪಾಪಿಯೆಂದು ಹಳಿದುಕೊಳ್ಳುವ ಶಿಷ್ಯನು ಈ ಸಂಗತಿಯನ್ನು ತಿಳಿಯುವುದು ಒಳ್ಳೆಯದು. ಜಾರುವುದು ಮನಸ್ಸಿನ ಸಹಜಧರ್ಮ; ಜಾರಿದುದನ್ನು ಕಂಡು ಮರಳಿ ತರುವುದೇ ಅಭ್ಯಾಸ.

ನಿದ್ರೆಯ ವಿಷಯದಲ್ಲಿ ಮೊದಲು ತಿಳಿದುಬಂದುದು ಅದರ ಅಭಾವದ ಫಲ. ರಷ್ಯಾ ದೇಶದ ಮನಸೇಯಿನಾ ಎಂಬ ವಿದುಷಿಯು ನಾಯಿಮರಿಗಳಿಗೆ ನಿದ್ರೆ ಬಾರದಂತೆ ತಡೆದಾಗ ಅವು ಕೆಲವೇ ದಿನಗಳಲ್ಲಿ ಸತ್ತವೆಂದು ೧೮೯೪ರಲ್ಲಿ ವರದಿಮಾಡಿದಳು. ೧೮೯೬ರಲ್ಲಿ ಅಮೆರಿಕೆಯ ಅಯೋವಾದಲ್ಲಿ ಪ್ಯಾಟ್ರಿಕ್ ಮತ್ತು ಗಿಲ್ಬರ್ಟ್ ಎಂಬವರು ಮೂವರು ಮನುಷ್ಯರನ್ನು ತೊಂಬತ್ತು ಗಂಟೆಗಳ ಕಾಲ ಎಚ್ಚರವಾಗಿರಿಸಿ ಪರೀಕ್ಷಿಸಿದರು. ಅವರಲ್ಲಿ ಒಬ್ಬನಿಗೆ ಇಲ್ಲದ ವಸ್ತುಗಳು ಕಾಣತೊಡಗಿದವು. ನಿದ್ರೆಗೆಟ್ಟವನಿಗೆ ಕಾಣುವುದೆಲ್ಲ ದರ್ಶನವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ೧೯೧೭ರ ಸುಮಾರಿಗೆ ಯೂರೋಪಿನಲ್ಲಿ ಹಬ್ಬಿದ ನಿದ್ರಾರೋಗವನ್ನು ವಿಯೆನ್ನಾದ ಫಾನ್ ಎಕೊನೊಮೊ ಎಂಬ ವೈದ್ಯರು ಪರಿಶೀಲಿಸಿದರು. ಮೆದುಳಿನ ತಳದ ಒಂದೇ ಪ್ರದೇಶದಲ್ಲಿ ಹಿಂಭಾಗವು ಕೆಟ್ಟವರು ಎಡೆಬಿಡದೆ ನಿದ್ರಿಸುತ್ತಿದ್ದರು. ಮುಂಭಾಗವು ಕೆಟ್ಟವರಿಗೆ ನಿದ್ರೆಯೇ ಹತ್ತುತ್ತಿರಲಿಲ್ಲ. ಎಚ್ಚರಕ್ಕೊಂದು ನೆಲೆಯಿರುವಂತೆ ನಿದ್ರೆಗೂ ಒಂದು ನೆಲೆಯುಂಟೆಂಬ ಸೂಚನೆ ಇದರಿಂದ ದೊರೆಯಿತು.

ಆದರೆ ನಿದ್ರೆಯ ಒಳಗನ್ನು ತೋರಿದ ಕನ್ನಡಿಯು ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್ ಎಂಬ ವೈದ್ಯರಿಂದ ಬಂದಿತು. ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಶಕ್ತಿಯು ಹರಿಯಬಹುದೆಂಬ ನಂಬಿಕೆಯಿಂದ, ಆ ಶಕ್ತಿಯನ್ನು ಹುಡುಕುತ್ತ ಅವರು ಏಕಾಂತದಲ್ಲಿ ವರ್ಷಗಟ್ಟಲೆ ದುಡಿದರು. ೧೯೨೪ರಲ್ಲಿ ಮನುಷ್ಯನ ತಲೆಯಿಂದ ಅತಿ ಸೂಕ್ಷ್ಮವಾದ ವಿದ್ಯುತ್ತರಂಗಗಳನ್ನು ದಾಖಲಿಸಿಕೊಂಡು, ಐದು ವರ್ಷಗಳ ಪರಿಶೀಲನೆಯ ಬಳಿಕ ೧೯೨೯ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಶಾಂತನಾಗಿ ಕುಳಿತವನಲ್ಲಿ ಸೆಕೆಂಡಿಗೆ ಸುಮಾರು ಹತ್ತು ತರಂಗಗಳು ಕಂಡವು. ಕಣ್ಣು ತೆರೆದರೂ, ಲೆಕ್ಕವೊಂದನ್ನು ಮನಸ್ಸಿನಲ್ಲಿ ಮಾಡಿದರೂ ಅವು ಅಡಗಿದವು. ಮೊದಮೊದಲು ವಿದ್ವಾಂಸರು ಇದನ್ನು ನಂಬಲಿಲ್ಲ. ೧೯೩೪ರಲ್ಲಿ ಕೇಂಬ್ರಿಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬವರು ಪ್ರಯೋಗ ಮಾಡಿ ದೃಢಪಡಿಸಿದ ಮೇಲೆ ಲೋಕವು ಒಪ್ಪಿತು. ಬರ್ಗರರು ಹುಡುಕಿದುದು ಸಿಕ್ಕಲಿಲ್ಲ. ಸಿಕ್ಕಿದುದು ಹುಡುಕಿದುದಕ್ಕಿಂತ ಬೆಲೆಯುಳ್ಳದ್ದಾಯಿತು.

ಈ ಉಪಕರಣದ ನೆರವಿನಿಂದ ಲೂಮಿಸ್ ಮತ್ತು ಅವರ ಸಂಗಡಿಗರು ೧೯೩೭ರಲ್ಲಿ, ನಿದ್ರೆಯು ಒಂದೇ ಸಮನಾದುದಲ್ಲ, ಮೆಟ್ಟಿಲುಮೆಟ್ಟಿಲಾಗಿ ಇಳಿಯುವಂಥದೆಂದು ತೋರಿಸಿದರು. ಇಳಿದಂತೆಲ್ಲ ತರಂಗಗಳು ನಿಧಾನವೂ ದೊಡ್ಡವೂ ಆಗುವುವು. ೧೯೪೯ರಲ್ಲಿ ಮೊರುಜ್ಜಿ ಮತ್ತು ಮ್ಯಾಗೂನ್ ಎಂಬವರು ಮೆದುಳಿನ ಕಾಂಡದೊಳಗಿನ ನರಜಾಲವೊಂದನ್ನು ಬೆಕ್ಕುಗಳಲ್ಲಿ ಕೆರಳಿಸಿದಾಗ, ಮಂದವಾದ ತರಂಗಗಳು ಅಡಗಿ ಎಚ್ಚರದ ತರಂಗಗಳು ಮೂಡಿದುವು. ಹೊರಗಿನ ಸದ್ದುಬೆಳಕುಗಳು ಮಾತ್ರವೇ ಎಚ್ಚರವನ್ನುಂಟುಮಾಡುವುದಿಲ್ಲ, ಎಚ್ಚರವನ್ನು ಹಿಡಿದು ನಿಲ್ಲಿಸುವ ಒಳಗಿನ ವ್ಯವಸ್ಥೆಯೇ ಉಂಟೆಂದು ಇದರಿಂದ ತಿಳಿದುಬಂದಿತು.

ಷಿಕಾಗೋ ನಗರದ ಕ್ಲೈಟ್‌ಮನ್ನರು ನಿದ್ರಾವಿಚಾರಕ್ಕೆ ಆಯುಷ್ಯವನ್ನೇ ಮುಡಿಪಾಗಿಟ್ಟವರು. ೧೯೩೮ರಲ್ಲಿ ಅವರು ಶಿಷ್ಯನೊಬ್ಬನೊಂದಿಗೆ ಸೂರ್ಯನ ಬೆಳಕು ಸುಳಿಯದ ದೊಡ್ಡ ಗುಹೆಯೊಂದರಲ್ಲಿ ಮೂವತ್ತೆರಡು ದಿನಗಳಿದ್ದು, ಇಪ್ಪತ್ತೆಂಟು ಗಂಟೆಗಳ ದಿನಚರಿಗೆ ಹೊಂದಿಕೊಳ್ಳಲು ಯತ್ನಿಸಿದರು. ತರುಣನಾದ ಶಿಷ್ಯನು ಹೊಂದಿಕೊಂಡನು. ಗುರುವಿನ ದೇಹವು ಹಳೆಯ ಲಯವನ್ನು ಬಿಡಲಿಲ್ಲ. ೧೯೫೩ರಲ್ಲಿ ಅವರೂ ಅವರ ಇನ್ನೊಬ್ಬ ಶಿಷ್ಯರಾದ ಅಸೆರಿನ್‌ಸ್ಕಿಯವರೂ, ಮಲಗಿದವರ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗಳು ಕೆಲಕೆಲವು ಹೊತ್ತು ವೇಗವಾಗಿ ಚಲಿಸುವುವೆಂದೂ, ಆಗ ಎಬ್ಬಿಸಿದವರು ಬಹುಪಾಲು ಕನಸನ್ನು ಹೇಳುವರೆಂದೂ ಪ್ರಕಟಿಸಿದರು. ಈ ಹೊತ್ತು ಸುಮಾರು ತೊಂಬತ್ತು ನಿಮಿಷಗಳಿಗೊಮ್ಮೆ ಮರಳಿ ಬರುವುದು. ಫ್ರಾನ್ಸಿನ ಲಿಯೋನ್ ನಗರದ ಜೂವೆಯವರು ೧೯೫೯ರಲ್ಲಿ, ಈ ಅವಸ್ಥೆಯಲ್ಲಿ ಮೆದುಳು ಎಚ್ಚರದಲ್ಲಿರುವಂತೆ ದುಡಿಯುತ್ತಿದ್ದರೂ ಮೈಯ ಸ್ನಾಯುಗಳು ಪೂರ್ತಿಯಾಗಿ ಸಡಿಲವಾಗಿರುವುದನ್ನು ಕಂಡು, ಇದಕ್ಕೆ ವಿರೋಧಾಭಾಸದ ನಿದ್ರೆಯೆಂದು ಹೆಸರಿಟ್ಟರು. ಜಾಗ್ರತ್, ಸ್ವಪ್ನ, ಸುಷುಪ್ತಿಗಳು ಮೂರು ಬೇರೆ ಬೇರೆ ಅವಸ್ಥೆಗಳೆಂಬ ಪ್ರಾಚೀನರ ಎಣಿಕೆಗೆ ದೇಹದಲ್ಲಿಯೇ ಗುರುತುಗಳು ದೊರೆತಂತಾಯಿತು. ಹಾಗೆಂದು ಋಷಿಗಳು ತರಂಗಗಳನ್ನು ಕಂಡಿದ್ದರೆಂದು ಹೇಳುವುದು ಸತ್ಯಕ್ಕೆ ಅಪಚಾರ. ಅವರು ನೋಡಿದುದು ಒಳಗಿನಿಂದ. ಇವರು ಅಳೆದುದು ಹೊರಗಿನಿಂದ.

ಅಜಾತಶತ್ರುವಿನ ಪ್ರಯೋಗಕ್ಕೆ ಸಮೀಪದ ಪ್ರಯೋಗವೊಂದು ೧೯೬೦ರಲ್ಲಿ ಪ್ರಕಟವಾಯಿತು. ಆಸ್ವಾಲ್ಡ್, ಟೇಲರ್, ಟ್ರೈಸ್‌ಮನ್ ಎಂಬ ಮೂವರು, ನಿದ್ರಿಸುತ್ತಿದ್ದವರಿಗೆ ಅನೇಕ ಹೆಸರುಗಳನ್ನು ಒಂದಾದ ಮೇಲೊಂದರಂತೆ ಕೇಳಿಸಿದರು. ಇತರರ ಹೆಸರುಗಳಿಗಿಂತ ತಮ್ಮ ಹೆಸರು ಬಂದಾಗ ಮೆದುಳಿನ ತರಂಗಗಳು ಹೆಚ್ಚಾಗಿ ಕಲಕಿದುವು. ನಿದ್ರೆಯಲ್ಲಿಯೇ ಮುಷ್ಟಿ ಬಿಗಿದವರೂ ಇದ್ದರು. ಕಾಶಿಯಲ್ಲಿ ಮಲಗಿದ್ದವನನ್ನು ಅರಸನು ಕರೆದುದು ಅವನ ಹೆಸರಿನಿಂದಲ್ಲ, ಸೋಮನ ಹೆಸರುಗಳಿಂದ ಎಂಬುದನ್ನು ಇಲ್ಲಿ ನೆನೆಯಬಹುದು. ಮಳೆಗಾಲದ ಗುಡುಗಿಗೆ ಏಳದ ತಾಯಿಯು ತೊಟ್ಟಿಲ ಕೂಸಿನ ಸಣ್ಣ ನರಳಿಕೆಗೆ ಏಳುವುದನ್ನು ಪ್ರತಿ ಮನೆಯೂ ಬಲ್ಲುದು. ಹಾಗಾದರೆ ನಿದ್ರೆಯಲ್ಲಿಯೂ ಬಾಗಿಲ ಬಳಿ ಯಾರೋ ಒಬ್ಬರು ಕುಳಿತು, ಬಂದವರು ನಮ್ಮವರೋ ಅಲ್ಲವೋ ಎಂದು ನೋಡುತ್ತಿರುವರೆಂದೇ ಹೇಳಬೇಕು. ಅವಧಾನವು ರಾತ್ರಿಯಲ್ಲಿ ಪೂರ್ತಿ ಸತ್ತಿರುವುದಿಲ್ಲ.

ಭರತಖಂಡದ ವಿಜ್ಞಾನಿಗಳೂ ಈ ಕಾರ್ಯದಲ್ಲಿ ಹಿಂದೆ ಬೀಳಲಿಲ್ಲ. ದೆಹಲಿಯ ಆನಂದ್, ಛೀನಾ, ಬಲದೇವಸಿಂಗ್ ಎಂಬವರು ಯೋಗಿಗಳ ತಲೆಯ ತರಂಗಗಳನ್ನು ದಾಖಲಿಸಿ ೧೯೬೧ರಲ್ಲಿ ಪ್ರಕಟಿಸಿದರು. ಧ್ಯಾನದಲ್ಲಿದ್ದಾಗ ಪ್ರಖರವಾದ ಬೆಳಕಿಗಾಗಲಿ ದೊಡ್ಡ ಸದ್ದಿಗಾಗಲಿ ಅವರ ಶಾಂತತರಂಗಗಳು ಅಡಗಲಿಲ್ಲ. ಯೋಗಿಯು ನಿದ್ರಿಸುತ್ತಲೂ ಇಲ್ಲ, ಹೊರಗಿನದಕ್ಕೆ ಓಗೊಡುತ್ತಲೂ ಇಲ್ಲ ಎಂಬ ಈ ಸ್ಥಿತಿಯು ಪಂಡಿತರನ್ನು ಚಿಂತನೆಗೆ ಹಚ್ಚಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವಯಸ್ಸಿನವರಲ್ಲಿ ಸಾಮಾನ್ಯವಾಗಿ ತಗ್ಗುವ ಗಾಢನಿದ್ರೆಯು ಧ್ಯಾನಾಭ್ಯಾಸಿಗಳಲ್ಲಿ ಅಷ್ಟಾಗಿ ತಗ್ಗದೆ ಉಳಿದುದು ಕಂಡುಬಂದಿತು. ಪರೀಕ್ಷಿಸಲ್ಪಟ್ಟವರ ಸಂಖ್ಯೆಯು ದೊಡ್ಡದಲ್ಲವಾದುದರಿಂದ ಇಂತಹ ಫಲಗಳನ್ನು ಹಿಗ್ಗಿಸಿ ಹೇಳಬಾರದು. ಆದರೂ ಧ್ಯಾನವು ನಿದ್ರೆಯ ವೈರಿಯಲ್ಲವೆಂಬ ಸೂಚನೆಯು ಅಲ್ಲಿದೆ.

ಹೀಗೆ ನೋಡಿದರೆ ಎರಡನೆಯ ಶಂಕೆಗೆ ಉತ್ತರವು ಸ್ಪಷ್ಟವಾಗಿದೆ. ಆಹಾರ, ನಿದ್ರೆ, ಬ್ರಹ್ಮಚರ್ಯಗಳು ದೇಹವನ್ನು ಹೊರುವ ಮೂರು ಊರೆಗಂಬಗಳೆಂದು ಚರಕಾಚಾರ್ಯರು ಹೇಳಿದರು. ಅತಿಯಾಗಿ ನಿದ್ರಿಸುವವನಿಗೂ ನಿದ್ರೆಯನ್ನೇ ಬಿಟ್ಟವನಿಗೂ ಯೋಗವು ಸಿದ್ಧಿಸದೆಂದು ಗೀತೆಯು ಎಚ್ಚರಿಸಿತು. ಕಲಿತುದು ನಿದ್ರೆಯ ಬಳಿಕ ಮರೆತುಹೋಗುವುದು ಕಡಿಮೆಯೆಂದು ೧೯೨೪ರಲ್ಲಿಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು ಪ್ರಯೋಗದಿಂದ ಕಂಡರು. ಶಿವರಾತ್ರಿಯ ಜಾಗರಣೆಯು ವರ್ಷಕ್ಕೊಮ್ಮೆ ಬರುವ ವ್ರತ. ಅದರ ಪಾವಿತ್ರ್ಯವು ಆ ಒಂದು ರಾತ್ರಿಯ ಭಕ್ತಿಯಲ್ಲಿದೆ. ಅದನ್ನು ನೆವಮಾಡಿ ದಿನದಿನವೂ ನಿದ್ರೆಗೆಡುವುದು ತಪಸ್ಸಲ್ಲ. ನಿದ್ರೆಗೆಟ್ಟ ಮೈಯಿಂದ ಕಾಯಕವೂ ಕೆಡುವುದು, ತೂಕಡಿಸುವ ಕಣ್ಣಿನಿಂದ ಪೂಜೆಯೂ ಕೆಡುವುದು. ಕಾಯಕವನ್ನು ಕೈಲಾಸವೆಂದು ಬಗೆದ ಶರಣರ ಮಾರ್ಗದಲ್ಲಿ ದೇಹವನ್ನು ದಂಡಿಸುವುದಕ್ಕೆ ಎಡೆಯಿಲ್ಲ.

ಮೊದಲನೆಯ ಶಂಕೆಯಾದರೋ ಇನ್ನೂ ತೀರಿಲ್ಲ. ನಿದ್ರೆಯು ಮೆದುಳಿನ ಶೂನ್ಯವಲ್ಲ, ಅದರದೇ ಆದ ವ್ಯಾಪಾರವೆಂಬುದು ಈಗ ನಿರ್ವಿವಾದ. ಈ ಮಟ್ಟಿಗೆ ಪತಂಜಲಿಗಳ ದಾರಿಯೇ ಸರಿಯಾಯಿತು. ಆದರೆ ಕನಸಿಲ್ಲದ ಗಾಢನಿದ್ರೆಯಲ್ಲಿ ಅನುಭವಿಸುವ ಅರಿವು ಉಂಟೋ ಇಲ್ಲವೋ ಎಂಬ ನೈಯಾಯಿಕ ವೇದಾಂತಿಗಳ ವಾದವನ್ನು ತರಂಗಗಳ ಲೇಖವು ತೀರಿಸಲಾರದು. ವಿಂಟ್, ನೀಲ್ಸನ್, ಥಾಂಪ್ಸನ್ ಎಂಬ ಪಾಶ್ಚಾತ್ಯ ವಿದ್ವಾಂಸರು ೨೦೧೬ರಲ್ಲಿ ಇದೇ ಪ್ರಶ್ನೆಯನ್ನು ಹೊಸದಾಗಿ ಎತ್ತಿ, ಕನಸಿಲ್ಲದ ನಿದ್ರೆಯೆಲ್ಲವೂ ಅರಿವಿಲ್ಲದ ನಿದ್ರೆಯೆಂದು ಮೊದಲೇ ತೀರ್ಮಾನಿಸಬಾರದೆಂದು ವಾದಿಸಿದರು. ಕಾಶಿಯ ಅರಸನ ಪ್ರಶ್ನೆಯು ಇಂದಿಗೂ ಬಾಗಿಲಲ್ಲಿಯೇ ನಿಂತಿದೆ.

ಭಕ್ತರು ಇದರಿಂದ ಅಧೀರರಾಗಬೇಕಾದುದಿಲ್ಲ. ಪ್ರಜಾಪತಿಯು ಇಂದ್ರನ ಸಂಶಯವನ್ನು ಗದರಿಸದೆ ಮನ್ನಿಸಿದನೆಂಬುದನ್ನು ನೆನೆಯತಕ್ಕದ್ದು. ರಾತ್ರಿಯ ಅರಿವು ಎಲ್ಲಿಗೆ ಹೋಗುವುದೆಂಬುದು ವಾದಕ್ಕೆ ಉಳಿದಿರಬಹುದು. ಹಗಲಿನ ಅರಿವು ಎಲ್ಲಿಗೆ ಹೋಗುವುದೆಂಬುದನ್ನು ಪ್ರತಿಯೊಬ್ಬರೂ ತಾವೇ ನೋಡಿಕೊಳ್ಳಬಲ್ಲರು. ಗುರುಗಳು ಅಂಗೈಗೆ ಲಿಂಗವನ್ನಿತ್ತುದು ಇದಕ್ಕಾಗಿಯೇ. ಹೊತ್ತಿಗೆ ಸರಿಯಾಗಿ ಮಲಗಿ, ಹೊತ್ತಿಗೆ ಸರಿಯಾಗಿ ಎದ್ದು, ಎದ್ದ ಹೊತ್ತಿನಲ್ಲಿ ಎಚ್ಚರವಾಗಿರುವವನಿಗೆ ನಿದ್ರೆಯೂ ಶಿವನ ಪ್ರಸಾದವೇ ಆಗುವುದು. ಶ್ರೀಮಠದ ಈ ಮಹೋತ್ಸವದ ಶುಭಕಾಲದಲ್ಲಿ ಸದ್ಭಕ್ತರೆಲ್ಲರಿಗೂ ಅಂತಹ ಎಚ್ಚರವೂ ಅಂತಹ ನಿದ್ರೆಯೂ ಲಭಿಸಲಿ. ಮಂಗಳಮಸ್ತು.